ಮೊದಲು ಕೇಳಿದವರ ನರಿ

“ದೊಡ್ಡ ಬಂದೂಕನ್ನೇ ತಗೊಂಡು ಹೋಗಿ,” ಎಂದಳು ಊಲ್ಕಾನ್. “ತೋಳಕ್ಕೆ ಹೊಡೀತೀರಲ್ಲ, ಅದನ್ನ.”

ಹೊಸಿಲ ಬಳಿ ಕೂತು ಬೂಟಿನೊಳಗೆ ಕಾಲು ತುರುಕುತ್ತಿದ್ದ ಶರ್ಶೆನ್ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಗೋಡೆಯ ಮೊಳೆಗಳಲ್ಲಿ ಎರಡು ಬಂದೂಕುಗಳು ತೂಗುತ್ತಿದ್ದವು. ಒಂದು ಚಿಕ್ಕದು, ಅದರ ಗುಂಡು ಬಟಾಣಿಗಿಂತ ಸಣ್ಣದು. ಇನ್ನೊಂದು ಅವನಪ್ಪನ ಕಾಲದ್ದು; ಕುದುರೆಮರಿಯ ಮೇಲೆ ಬಿದ್ದ ತೋಳವನ್ನು ಕಣಿವೆಯ ಈಚೆ ನಿಂತೇ ಕೆಡವಬಲ್ಲದ್ದು.

“ತಲೆಗಿಲೆ ಕೆಟ್ಟಿದೆಯಾ ನಿಂಗೆ? ಅದರಲ್ಲಿ ನರಿಗೆ ಹೊಡೆದ್ರೆ ಆ ಕಡೆ ಅಂಗೈಯಗಲ ತೂತು ಬೀಳತ್ತೆ. ತೊಗಲು ಯಾತಕ್ಕೂ ಬರಲ್ಲ.”

“ಬರೋದು ಬೇಡ ಅಂತಲೇ ಹೇಳ್ತಿರೋದು. ಜರಡಿ ಆಗ್ಲಿ. ಆ ಜರಡೀನ ಅಂಗಡಿ ಭಾವ ತಲೆ ಮೇಲೆ ಹಾಕ್ಕೊಳ್ಳಲಿ.”

ಅಂಗಡಿ ಭಾವ ಎಂದರೆ ಇಸಾಬೆಕ್, ಶರ್ಶೆನನ ದೊಡ್ಡಪ್ಪನ ಮಗ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾಗಿ ಬಂದವಳು ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಅಂಗಡಿ ಇಟ್ಟಂದಿನಿಂದ ಊಲ್ಕಾನಳಿಗೆ ಅವನು ಅಂಗಡಿ ಭಾವನೇ. ಬೆಟ್ಟದಿಂದ ಊರಿಗಿಳಿಯಲು ಇರುವುದು ಒಂದೇ ದಾರಿ, ಆ ದಾರಿಗೊಂದು ಸೇತುವೆ, ಸೇತುವೆಯ ಬುಡದಲ್ಲಿ ಅವನ ಅಂಗಡಿ. ಬೇಟೆಯಿಂದ ಬರುವವನಿಗೆ ಯಾರು ಮೊದಲು ಎದುರಾಗಿ “ಶಿರಾಲ್ಗಾ!” ಎನ್ನುತ್ತಾರೋ ಅವರಿಗೆ ಪಾಲು ಕೊಡಬೇಕು, ಇಲ್ಲ ಎನ್ನುವಂತಿಲ್ಲ. ಕಾಡುಮೇಕೆಯಾದರೆ ಒಂದು ತೊಡೆ ಕೊಟ್ಟು ಮುಗಿಸಬಹುದು. ನರಿಯಲ್ಲಿ ಪಾಲೇನು ಬಂತು, ಇಡೀ ನರಿಯೇ ಹೋಗುತ್ತದೆ. ದಾರಿಹೋಕರಿಗೆ, ಬಡವರಿಗೆ, ಗಂಡ ಸತ್ತವಳಿಗೆ ಬೆಟ್ಟದ್ದೊಂದು ಪಾಲು ಇರಲಿ ಎಂದು ಹಿರಿಯರು ಮಾಡಿದ ಪದ್ಧತಿ ಅದು. ಕಿಟಕಿಯ ಹಿಂದೆ ಬಿಸಿ ಚಹಾ ಹೀರುತ್ತ, ಬೆಟ್ಟದ ದಾರಿಯ ಮೇಲೆ ಕಣ್ಣಿಟ್ಟು ಹೊಂಚುಹಾಕಿ ಕೂತವನಿಗೆಂದು ಮಾಡಿದ್ದಲ್ಲ.

ಹೋದ ಚಳಿಗಾಲದ ನರಿಗಳೆಲ್ಲ ಹಾಗೇ ಹೋದವು. ಅದರ ಹಿಂದಿನ ಚಳಿಗಾಲದವೂ ಹೋದವು. ಇಸಾಬೆಕನ ಅಳಿಯ, ಅಳಿಯನ ಮೇಲಧಿಕಾರಿ, ಆ ಮೇಲಧಿಕಾರಿಯ ಡ್ರೈವರು, ಎಲ್ಲರ ತಲೆಯ ಮೇಲೂ ಶರ್ಶೆನ್ ಹೊಡೆದ ನರಿ. ನಾಚಿಕೆ ಎನ್ನುವುದು ಇದ್ದರೆ ತಾನೆ? ತೊಗಲು ಹದ ಮಾಡಿ ಟೋಪಿ ಹೊಲಿದುಕೊಡಲು ಅವುಗಳನ್ನು ಊಲ್ಕಾನಳ ಹತ್ತಿರವೇ ಕಳಿಸುತ್ತಿದ್ದ!

ಶರ್ಶೆನನ ತಲೆಯ ಮೇಲೆ ಮಾತ್ರ ಉಣ್ಣೆ ಉದುರಿದ ಹಳೇ ಕುರಿತೊಗಲಿನ ಟೋಪಿ. ನರಿ ಹೊಡೆಯುವವನಿಗೆ ಕುರಿಯೇ ಗತಿ ಎಂದು ಊರವರು ನಗುತ್ತಿದ್ದರು. ನಗಲಿ. ಆದರೆ ಚಿಕ್ಕ ಗುಂಡಿನ ಬಂದೂಕಿಗೆ ನರಿಯ ತೀರಾ ಹತ್ತಿರ ಹೋಗಬೇಕು. ಹಿಮದಲ್ಲಿ ಹೊಟ್ಟೆಯ ಮೇಲೆ ತೆವಳಿ, ಅದು ಬರುವ ತನಕ ಅಲುಗಾಡದೆ ಬಿದ್ದಿರಬೇಕು. ಹೋದ ವರ್ಷ ಹಾಗೆ ಬಿದ್ದಿದ್ದಾಗಲೇ ಅವನ ಎಡಗಿವಿಯ ಅಂಚು ಹೆಪ್ಪುಗಟ್ಟಿ, ಕಪ್ಪಾಗಿ, ಉದುರಿಹೋಗಿತ್ತು. ಇನ್ನೊಂದು ಸಲ ಹೀಗಾದರೆ ಕಿವಿಯೇ ಇರುವುದಿಲ್ಲ ಎಂದು ಡಾಕ್ಟರಮ್ಮ ಬೈದು ಕಳಿಸಿದ್ದಳು. ಇತ್ತ ಊಲ್ಕಾನಳ ಕಣ್ಣುಗಳಿಗೆ ಪೊರೆ ಬರುತ್ತಿತ್ತು. ಈ ಚಳಿಗಾಲ ಹೊಲಿದರೆ ಹೊಲಿದಂತೆ. ಊರಿಗೆಲ್ಲ ಹೊಲಿದ ಕೈ, ಕಟ್ಟಿಕೊಂಡ ಗಂಡನಿಗೊಂದು ಹೊಲಿಯಲಾರದೆ ಹೋಗಬೇಕೇ ಎಂದು ನೆನೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

“ಪ್ರಾಣ ತೆಗೆಯೋದೂ ಅಲ್ದೆ ತೊಗಲನ್ನೂ ಚಿಂದಿ ಮಾಡ್ಲಾ? ಆ ಪ್ರಾಣಿ ಶಾಪ ಸುಮ್ನೆ ಬಿಡಲ್ಲ,” ಎಂದ ಶರ್ಶೆನ್.

“ದಾರೀಲಿ ಕೂತು ಕಿತ್ಕೊಳ್ಳೋರನ್ನ ಮಾತ್ರ ಸುಮ್ನೆ ಬಿಡತ್ತಾ? ಹೋಗ್ಲಿ, ಕೋಟೊಳಗೆ ಬಚ್ಚಿಟ್ಕೊಂಡು ಬನ್ನಿ.”

“ಬಚ್ಚಿಟ್ಟವನ ಕೈಗೆ ಆಮೇಲೆ ಬೇಟೆ ಸಿಗಲ್ಲ ಕಣೆ. ನಮ್ಮಪ್ಪ ಬಚ್ಚಿಟ್ಟಿರ್ಲಿಲ್ಲ.”

“ನಿಮ್ಮಪ್ಪನ ಕಾಲದಲ್ಲಿ ಸೇತುವೆ ಹತ್ರ ಅಂಗಡಿ ಇರ್ಲಿಲ್ಲ!”

ಸಿಟ್ಟಿನಲ್ಲಿ ಒಲೆಯ ಕಡೆ ತಿರುಗಿ ನಿಂತಳು. ಬಾಗಿಲು ಹಾಕಿಕೊಂಡಿತು, ಕುದುರೆ ಅಂಗಳ ದಾಟಿತು. ಆಮೇಲೆ ಗೋಡೆ ನೋಡಿದರೆ ದೊಡ್ಡ ಬಂದೂಕು ಮೊಳೆಯ ಮೇಲೇ ಇತ್ತು. ಅಲ್ಲಿಗೆ ಮುಗಿಯಿತು. ಮುದುಕ ಈಗ ಹಿಮದಲ್ಲಿ ಬೋರಲು ಬೀಳುತ್ತಾನೆ, ಕಣ್ಣಿನ ಪಕ್ಕಕ್ಕೇ ಗುರಿಯಿಟ್ಟು, ಎಲ್ಲೂ ಕಲೆಯಿಲ್ಲದ ನರಿಯನ್ನು ತಂದು, ಬಿಸಿ ಚಹಾ ಕುಡಿದವನ ಕೈಗಿಡುತ್ತಾನೆ. ಅವಳು ಹಿಟ್ಟು ನಾದಿದಳು, ರೊಟ್ಟಿ ಸುಟ್ಟಳು, ಒಂದು ರೊಟ್ಟಿ ಸೀದೇಹೋಯಿತು. ಬೆಟ್ಟದ ನೆರಳು ಅಂಗಳಕ್ಕೆ ಬರುವ ಹೊತ್ತಿಗೆ ಒಂದು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಅಂಗಡಿಯ ಕಿಟಕಿ ತೆರೆಯಿತು. “ಏನಮ್ಮಾ, ಈ ಚಳೀಲಿ ಎಲ್ಲಿಗೆ?” ಎಂದ ಇಸಾಬೆಕ್.

“ಒಲೆಗೆ ಒಣಸಗಣಿ ಆರಿಸೋಕೆ, ಭಾವ.”

“ಶರ್ಶೆನ್ ಬೆಟ್ಟಕ್ಕೆ ಹೋದ ಹಾಗಿತ್ತು?”

“ಹೋಗಿದಾರೆ. ನೀವು ನೋಡದೇ ಇರೋದು ಯಾವುದಿದೆ?”

ಅವನು ನಕ್ಕು ಕಿಟಕಿ ಮುಚ್ಚಿದ. ಊಲ್ಕಾನ್ ಸೇತುವೆ ದಾಟಿ ಬೆಟ್ಟದ ಕಡೆಯ ಬಂಡೆಯೊಂದರ ಪಕ್ಕದಲ್ಲಿ ನಿಂತಳು. ಹಿಮದಲ್ಲಿ ಒಂದು ಚೂರು ಸಗಣಿಯೂ ಕಾಣುತ್ತಿರಲಿಲ್ಲ. ಕಾಲ್ಬೆರಳುಗಳು ಮರಗಟ್ಟಿದವು. ಕೊನೆಗೆ ತಿರುವಿನಲ್ಲಿ ಕುದುರೆ ಕಂಡಿತು. ಜೀನಿನ ಪಕ್ಕಕ್ಕೆ ಕೆಂಪಗೆ ಏನೋ ಜೋತಾಡುತ್ತಿತ್ತು.

ಅವಳು ದಾರಿಯ ನಡುವೆ ಬಂದು ನಿಂತಳು. ಹಿಂದೆ ಅಂಗಡಿಯ ಬಾಗಿಲು ದಡಾರನೆ ತೆಗೆದ ಸದ್ದಾಯಿತು.

“ಶಿರಾಲ್ಗಾ!” ಎಂದು ಕೂಗಿದಳು.

ಶರ್ಶೆನ್ ಲಗಾಮು ಎಳೆದ. ಎದೆಯಿಂದ ಮೊಣಕಾಲಿನವರೆಗೆ ಹಿಮ ಮೆತ್ತಿಕೊಂಡಿತ್ತು, ಎಡಗಿವಿ ನೀಲಿಗಟ್ಟಿತ್ತು. ಮೊದಲು ಅವನಿಗೆ ನಗು ಬಂತು. “ಏನೇ ಇದು? ತಮಾಷೆನಾ?”

“ತಮಾಷೆ ಅಲ್ಲ. ದಾರೀಲಿ ಸಿಕ್ಕಿದೀನಿ, ಮೊದಲು ಕೇಳಿದೀನಿ.”

ಅಷ್ಟರಲ್ಲಿ ಇಸಾಬೆಕ್ ಏದುಸಿರು ಬಿಡುತ್ತ ಸೇತುವೆ ದಾಟಿ ಬಂದ. ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ನಾಲ್ಕೈದು ಜನ ಹಿಂದೆಯೇ ಬಂದರು. ಬಿಟ್ಟಿ ಜಗಳ ಯಾರಿಗೆ ಬೇಡ? “ಶಿರಾಲ್ಗಾ, ತಮ್ಮಾ, ಶಿರಾಲ್ಗಾ!” ಎಂದು ಅವನು ಕೈ ಚಾಚಿದ.

“ನಾನು ಕೇಳಿ ಆಯ್ತು, ಭಾವ.”

“ನೀನು ಕೇಳೋದೇನಮ್ಮ? ಹೆಂಡತಿ ಗಂಡನ್ನ ಶಿರಾಲ್ಗಾ ಕೇಳ್ತಾಳಾ? ಯಾವ ಊರಲ್ಲಿದೆ ಇದು?”

“ಕಿಟಕೀಲಿ ಕೂತು ಕಾಯೋದು ಯಾವ ಊರಲ್ಲಿದೆ? ಎರಡು ಚಳಿಗಾಲ ನಮ್ಮನೆ ನರಿಗಳನ್ನ ತಿಂದ್ರಿ. ಒಂದು ದಿನ ಈ ಮನುಷ್ಯನ ಕಿವಿ ನೋಡಿದೀರಾ? ಹಿಮದಲ್ಲಿ ಬೀಳೋರು ಇವರು, ಹದ ಮಾಡೋಳು ನಾನು, ಹೊಲಿಯೋಳು ನಾನು. ದಾರಿಹೋಕನ ಪಾಲು ಅಂತೀರಲ್ಲ, ಯಾವ ದಾರಿ ನಡೆದು ಬಂದ್ರಿ ನೀವು? ಕುರ್ಚಿಯಿಂದ ಬಾಗಿಲಿಗಾ?”

ಯಾರೋ ಕಿಸಕ್ಕನೆ ನಕ್ಕರು. ಇಸಾಬೆಕನ ಮುಖ ಕೆಂಪಾಯಿತು. “ಶರ್ಶೆನ್, ನಿನ್ನ ಹೆಂಡತಿಗೆ ಹೇಳು. ಹಿರಿಯ ನಿಂತಿದೀನಿ ಇಲ್ಲಿ.”

ಶರ್ಶೆನ್ ಕುದುರೆಯ ಕತ್ತಿನ ಮೇಲಿನ ಹಿಮ ಸವರಿ ತೆಗೆದ. ಅಣ್ಣನಿಗೆ ಎದುರಾಡಿದವನಲ್ಲ. ಪದ್ಧತಿ ಮುರಿದವನೂ ಅಲ್ಲ. ಈಗ ಇವನು ನರಿಯನ್ನು ಅವನಿಗೆ ಕೊಟ್ಟರೆ ಮನೆಗೆ ಹೋಗುವುದೇ ಇಲ್ಲ ಎಂದುಕೊಂಡಳು ಊಲ್ಕಾನ್.

“ಅಣ್ಣಾ, ಮೊದಲು ಯಾರು ಕೇಳಿದ್ದು?” ಎಂದ ಶರ್ಶೆನ್.

“ಅವಳು ಹೆಂಗಸು ಕಣೋ!”

“ಹೆಂಗಸು ಕೇಳಬಾರದು ಅಂತ ನಮ್ಮಪ್ಪ ಹೇಳಿಲ್ಲ.” ಅವನು ಕುದುರೆಯಿಂದಿಳಿದ. ಜೀನಿನ ಹುರಿ ಬಿಚ್ಚಿ, ನರಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಹೊರಗಿನವರಿಗೆ ಕೊಡುವಂತೆಯೇ ತಲೆಬಾಗಿಸಿ, “ತಗೊಳ್ಳಿ, ಒಳ್ಳೇದಾಗ್ಲಿ,” ಎಂದ. ಹೆಂಡತಿಯನ್ನು ಅವನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಇಸಾಬೆಕ್ ಹಲ್ಲು ಕಚ್ಚಿದ. “ಆಯ್ತಮ್ಮ, ಇಟ್ಕೋ. ಆದರೆ ಶಿರಾಲ್ಗಾ ಕೊಟ್ಟಿದ್ದು ಕೊಟ್ಟವನಿಗೆ ವಾಪಸ್ ಹೋಗೋ ಹಾಗಿಲ್ಲ. ಇವನ ತಲೆ ಮೇಲೆ ಆ ನರಿ ಕಾಣಲಿ, ಊರೆಲ್ಲ ಸೇರಿಸ್ತೀನಿ.”

“ಅಣ್ಣ ಹೇಳೋದು ನಿಜ,” ಎಂದ ಶರ್ಶೆನ್.

ಊಲ್ಕಾನ್ ಅದನ್ನು ಯೋಚಿಸಿಯೇ ಇರಲಿಲ್ಲ.

ತೊಗಲಿನ ಕೆಲಸ ಕಾಯುವುದಿಲ್ಲವಲ್ಲ. ಹಿಂಗಾಲುಗಳ ಒಳಮೈ ಸೀಳಿ, ಬಾಲದ ಮೂಳೆ ಎಳೆದು, ತೋಳಿನಿಂದ ಅಂಗಿ ಕಳಚುವ ಹಾಗೆ ಶರ್ಶೆನ್ ತೊಗಲನ್ನು ಇಡಿಯಾಗಿ ಸುಲಿದುಕೊಟ್ಟ. ಗುಂಡು ಕಣ್ಣಿನಂಚಿನಲ್ಲಿ ಹೊಕ್ಕು ಒಳಗೇ ಉಳಿದಿತ್ತು. ಮೈಯಲ್ಲಿ ಒಂದು ತೂತಿಲ್ಲ. ಅವಳು ರಕ್ತದ ಕಲೆಯನ್ನು ತಣ್ಣೀರಿನಲ್ಲಿ ಒರೆಸಿದಳು, ಒಳಗಿನ ಕೊಬ್ಬನ್ನು ಮೊಂಡುಚಾಕುವಿನಿಂದ ಕೆರೆದಳು. ಉಪ್ಪು ಬೆರೆಸಿದ ಹುಳಿಮೊಸರು ಬಳಿದು ಮಡಿಸಿಟ್ಟಳು. ಹುಳಿ ಹಿಡಿದ ಮೇಲೆ ಒಲೆಯಿಂದ ದೂರ, ನೆರಳಲ್ಲಿ, ಹಲಗೆಯ ಮೇಲೆ ಹಿಗ್ಗಿಸಿ ಕಟ್ಟಿದಳು. ಅರೆ ಒಣಗಿದ್ದನ್ನು ಮೆತ್ತಗಾಗುವ ತನಕ ಕೈಯಲ್ಲಿ ತಿಕ್ಕಿ ತಿಕ್ಕಿ ನಾದಿದಳು, ಕೂದಲಿಗೆ ತೌಡು ಉಜ್ಜಿ ಕೊಡವಿದಳು. ಅಷ್ಟೂ ದಿನ ಗಂಡನೊಂದಿಗೆ ಮಾತಿಲ್ಲ. ಹೊಲಿದದ್ದು ಮಾತ್ರ ಅವನ ತಲೆಯ ಅಳತೆಗೇ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಹುಡುಗಿಯನ್ನು ಕರೆಯಬೇಕಾಯಿತು.

“ಹಾಕ್ಕೊಳ್ಳಿ,” ಎಂದಳು.

“ಕೊಟ್ಟಿದೀನಿ. ಮುಟ್ಟಲ್ಲ.”

“ಕಿವಿ ಉದುರಿ ಬಿದ್ರೂ?”

“ಉದುರಿದ್ರೂ.”

“ಥೂ, ನಿಮ್ಮ ಪದ್ಧತಿಗಿಷ್ಟು ಬೆಂಕಿ ಹಾಕ! ಹೊಂಚು ಹಾಕೋನಿಗೊಂದು, ಹಿಮದಲ್ಲಿ ಬೀಳೋನಿಗೊಂದು!” ಟೋಪಿಯನ್ನು ಒಲೆಗೆಸೆಯಲು ಕೈಯೆತ್ತಿದಳು. ಕೈ ಅಲ್ಲೇ ನಿಂತಿತು. ಮಿರಮಿರ ಮಿಂಚುವ ಕೆಂಪು ತುಪ್ಪಳ, ಕೊನೆಯ ಹೊಲಿಗೆ. ಅಳು ಬಂತು, ಅತ್ತಳು.

ಮರುದಿನ ಬೆಳಿಗ್ಗೆ ಶರ್ಶೆನ್ ಬೇಟೆಗೆ ಹೊರಟು ಚಿಕ್ಕ ಬಂದೂಕನ್ನು ಬೆನ್ನಿಗೇರಿಸಿದ. ಊಲ್ಕಾನ್ ನರಿಯ ಟೋಪಿಯನ್ನು ತಾನೇ ಹಾಕಿಕೊಂಡಳು. ಹುಬ್ಬಿನ ತನಕ ಇಳಿಯಿತು. ಆಮೇಲೆ ತನ್ನ ತಲೆಗೆ ಸುತ್ತುತ್ತಿದ್ದ ಮೇಕೆ ಉಣ್ಣೆಯ ದಪ್ಪ ಶಾಲನ್ನು ಕೊಡವಿ ಅವನ ಮುಂದೆ ನಿಂತಳು.

“ಬಗ್ಗಿ.”

“ಇದೇನೇ ಇದು?”

“ಇದು ನಂದು, ನಾನು ಕೊಡ್ತಿರೋದು. ಇದರಲ್ಲಿ ನಿಮ್ಮ ನರಿ ಇಲ್ಲ.”

“ಹೆಂಗಸರ ಶಾಲು ಕಣೆ. ಊರು ನಗತ್ತೆ.”

“ನನ್ನ ಟೋಪಿ ನೋಡಿ ಮೊದಲು ನಗಲಿ. ಬಗ್ಗಿ ಅಂದ್ನಲ್ಲ.”

ಅವನು ಬಗ್ಗಿದ. ಅವಳು ಕುರಿಟೋಪಿಯ ಮೇಲಿಂದ ಎರಡೂ ಕಿವಿ ಮುಚ್ಚುವಂತೆ ಶಾಲು ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದಳು. ಸೇತುವೆಯ ತನಕ ಬರುತ್ತೇನೆಂದು ಕುದುರೆಯ ಪಕ್ಕದಲ್ಲೇ ನಡೆದಳು.

ಅಂಗಡಿಯ ಕಿಟಕಿಯಲ್ಲಿ ಚಹಾದ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಯಾರೂ ಹೊರಗೆ ಬರಲಿಲ್ಲ. ಸೇತುವೆಯ ನಡುವೆ ಗಾಳಿ ಜೋರಾಯಿತು. ಊಲ್ಕಾನ್ ಕುದುರೆಯನ್ನು ನಿಲ್ಲಿಸಿ, ಕಣ್ಣಿನ ಮೇಲೆ ಜಾರಿದ ಟೋಪಿಯನ್ನು ಮೇಲಕ್ಕೆ ತಳ್ಳಿಕೊಂಡು, ಗಂಡನನ್ನು ಇನ್ನೊಮ್ಮೆ ಬಗ್ಗಿಸಿ, ಗಂಟನ್ನು ಬಿಗಿಮಾಡಿದಳು.