ಭಾವನಿಲ್ಲದ ಹಾಡು

ಹಾಡುಗಾರನ ಅಕ್ಕನನ್ನು ಮದುವೆಯಾಗಿದ್ದರಿಂದ ಡ್ರಮ್ಮರ್‌ಗೆ ರಾಕ್ ಬ್ಯಾಂಡಿನಲ್ಲಿ ಭಾವ ಅಂತಲೇ ಹೆಸರು. ಅದೇನೋ ಗಹನವಾದ ಭಾವವಿರಬೇಕು ಅಂತ ಅಭಿಮಾನಿಗಳು ತಿಳಿದುಕೊಂಡಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ.

ಮೊದಲ ಆಲ್ಬಮ್ಮುಗಳನ್ನು ಹಾಡುಗಾರ, ಗಿಟಾರಿಸ್ಟ್, ಭಾವ ಮೂವರೂ ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ನುಡಿಸಿದ್ದರು. ಮೂರನೆಯದು ಗೆದ್ದಿತು, ತಕರಾರೂ ಆಗಲೇ ಶುರುವಾಯಿತು. ಗೆಲುವು ತನ್ನ ಸಾಹಿತ್ಯದಿಂದ ಬಂತು ಅಂತ ಹಾಡುಗಾರ, ತನ್ನ ಗಿಟಾರಿನಿಂದ ಅಂತ ಗಿಟಾರಿಸ್ಟ್. ನಾಲ್ಕನೆಯದರ ಹೊತ್ತಿಗೆ ಇಬ್ಬರದೂ ಎಣ್ಣೆ ಸೀಗೇಕಾಯಿ. ಒಬ್ಬ ಬೆಳಿಗ್ಗೆ ಸ್ಟುಡಿಯೋಗೆ ಬಂದರೆ ಇನ್ನೊಬ್ಬ ಮಧ್ಯಾಹ್ನ. ನಡುವೆ ಮಾತು ಮುಟ್ಟಿಸುವ ಕೆಲಸ ಭಾವನದು. ಬೈಗುಳವಾದರೆ ಅರ್ಧ ದಾರಿಯಲ್ಲೇ ನುಂಗಿಬಿಡುತ್ತಿದ್ದ.

ಐದನೆಯದರಲ್ಲಿ ಗಿಟಾರಿಸ್ಟ್ ಒಂದು ಹಾಡಿಗೆ ಡ್ರಮ್ಸ್ ಬದಲು ಕಂಪ್ಯೂಟರಿನ ತಾಳ ಹಾಕಿಟ್ಟ. ಹೇಳಲು ಮುಖವಿಲ್ಲದೆ, ಭಾವನಿಗೆ ಕೇಳಿಸಿಕೊಳ್ಳಿ ಅಂತಷ್ಟೇ ಹೇಳಿ ಕಾಫಿ ನೆಪದಲ್ಲಿ ಹೊರಗೆ ಹೋದ. ಭಾವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕಲು ಹೋಗಿ ಅಲ್ಲೇ ನಿಂತವು. ಹಾಡು ಚೆನ್ನಾಗಿತ್ತು. ಅವನಿಲ್ಲದೆಯೇ ಚೆನ್ನಾಗಿತ್ತು.

ಅವತ್ತು ಇನ್ನೂ ಮನೆಗೆ ಹೊರಡದಿದ್ದ ಹಾಡುಗಾರ ಕೆಂಡವಾದ. ಭಾವನಿಗೆ ಅವಮಾನ ಮಾಡಿದವನ ಜೊತೆ ಹಾಡುವುದಿಲ್ಲ, ಬ್ಯಾಂಡ್ ಇವತ್ತಿಗೇ ಮುಗಿಯಿತು ಎಂದು ಕೂಗಾಡಿದ. ಬಾಗಿಲಲ್ಲಿ ಗಿಟಾರಿಸ್ಟ್ ಕಾಫಿ ಲೋಟ ಹಿಡಿದು ನಿಂತಿದ್ದ.

"ನನ್ನ ಹೆಗಲ ಮೇಲೆ ಬಂದೂಕಿಟ್ಟು ಹೊಡೀಬೇಡ ಕಣೋ," ಅಂದ ಭಾವ, ಬಾಮೈದನಿಗೆ. "ಬಿಡಬೇಕು ಅನ್ಸಿದ್ರೆ ನಿನ್ನ ಹೆಸರಲ್ಲೇ ಬಿಡು." ಗಿಟಾರಿಸ್ಟ್ ಕಡೆ ತಿರುಗಿ, "ನೀನು ಮೊದ್ಲೇ ಹೇಳ್ಬೇಕಿತ್ತು. ಹಾಡು ಹಾಗೇ ಇರ್ಲಿ, ಅದಕ್ಕೆ ನಾನು ಬೇಡ," ಅಂದ.

"ಹೆದರಿಕೆ ಆಯ್ತು ಭಾವ," ಅಂದ ಗಿಟಾರಿಸ್ಟ್, ತಲೆ ತಗ್ಗಿಸಿ.

ಹಾಡುಗಾರ ಕುರ್ಚಿಯಲ್ಲಿ ಕುಸಿದ. ಒಬ್ಬನೇ ಹಾಡಬೇಕು ಅಂತ ಬಹಳ ದಿನದಿಂದ ಆಸೆಯಿತ್ತು, ಅಕ್ಕ ಏನಂದುಕೊಳ್ಳುತ್ತಾಳೋ ಅಂತ ಬಾಯಿ ಬಿಟ್ಟಿರಲಿಲ್ಲ ಎಂದು ಒಪ್ಪಿಕೊಂಡ. ಆಲ್ಬಮ್ ಮುಗಿಸಿಯೇ ಹೋಗುವುದು ಅಂತ ತೀರ್ಮಾನವಾಯಿತು. ಉಳಿದ ಹಾಡುಗಳಿಗೆ ಮೂವರೂ ಮತ್ತೆ ಒಂದೇ ಕೋಣೆಯಲ್ಲಿ ಕೂತರು. ಜಗಳ ನಿಲ್ಲಲಿಲ್ಲ, ಆದರೆ ಮುಖಕ್ಕೆ ಮುಖ ಕೊಟ್ಟು ಜಗಳವಾಡಿದರು. ಭಾವ ನಡುವೆ ಬಾಯಿ ಹಾಕದೆ ಡ್ರಮ್ಮಿನ ತಿರುಪು ಬಿಗಿ ಮಾಡುತ್ತ ಕೂತಿರುತ್ತಿದ್ದ.

ಆಲ್ಬಮ್ ಅಷ್ಟಕ್ಕಷ್ಟೇ ಓಡಿತು. ಬ್ಯಾಂಡ್ ಮುರಿಯಿತು. ಕೆಲವು ತಿಂಗಳ ಮೇಲೆ ಗಿಟಾರಿಸ್ಟ್ ಫೋನು ಮಾಡಿ ಹೊಸ ಹಾಡಿಗೆ ಡ್ರಮ್ಸ್ ಬಾರಿಸಲು ಕರೆದ. ತಮ್ಮನಿಗೆ ತಾನೇ ಮೆಲ್ಲಗೆ ಹೇಳುತ್ತೇನೆ ಎಂದಳು ಹೆಂಡತಿ. ಬೇಡವೆಂದು ಭಾವನೇ ಬಾಮೈದನಿಗೆ ಫೋನು ಹಚ್ಚಿದ.

"ಹೋಗಿ ಭಾವ," ಅಂದ ಹಾಡುಗಾರ. "ಅವನ ಗಿಟಾರ್ ಯಾರಿಗೂ ಕೇಳಿಸ್ದೇ ಇರೋ ಹಾಗೆ ಬಾರ್ಸಿ."

ಭಾವ ನಗುತ್ತಲೇ ಕಡ್ಡಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟ.