ಮುಳುಗುವ ಗಾಲಿ

"ಅಗಲಂದೇ ಬೇಕು" ಅಂದೆ.

ವಾಡಿ ಸ್ಟೇಷನ್ನಿನ ಹಿಂದೆ, ಸಿಮೆಂಟಿನ ಬೂದಿ ಬಿದ್ದು ಬೇವಿನ ಮರವೂ ಬೆಳ್ಳಗಾದ ಜಾಗದಲ್ಲಿ ಗುಲಾಮ್ ರಸೂಲ್ ಚಾಚಾನ ಟೈರಿನ ಅಂಗಡಿ. ಅಂಗಡಿ ಅಂದರೆ ನಾಲ್ಕು ತಗಡು, ಪಂಚರ್ ನೋಡುವ ನೀರಿನ ತೊಟ್ಟಿ, ಗುಡ್ಡದಂತೆ ಪೇರಿಸಿದ ಹಳೇ ಟೈರು. ಚಾಚಾ ಒಂದು ಟೈರಿನ ಮೇಲೆ ಕೂತು ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದ.

"ಯಾವ ಮಣ್ಣಿಗಿ, ಬೇಟಾ?"

"ಎರಿ ಮಣ್ಣಿಗಿ. ಸೇಡಂ ಆಚಿಗಿ, ನಮ್ಮಕ್ಕನ ಊರಿಗಿ."

"ಹಂಗಾರ ಅಗಲಂದು ಬ್ಯಾಡ. ಸಣ್ಣಂದು, ಎತ್ತರಂದು ತಗೋ. ಮಿಲಿಟರಿ ಹರಾಜಿನವು ಬಂದಾವ ನೋಡು."

"ಆ ಕಟಗಿಯಂಥವು ಕೆಸರನ್ಯಾಗ ಮುಳುಗ್ತಾವರಿ ಚಾಚಾ!"

"ಮುಳುಗಬೇಕಲೇ. ಅದನ್ನೇ ಹೇಳಾಕತ್ತೀನಿ."

ನನಗೆ ಉರಿದುಹೋಯಿತು. ಆರನೇ ಇಯತ್ತೆಯಲ್ಲಿ ಮಾಸ್ತರನ ಕೈಯ ಛಡಿ ಕಿತ್ತು, ಮುರಿದು, ಅವನ ಮುಂದೆಯೇ ಬಿಸಾಕಿ ಶಾಲೆ ಬಿಟ್ಟವನು ನಾನು. ಮೇಲಾಗಿ ಮುಳುಗುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಹೊತ್ತು ಮುಳುಗಿತು ಅಂತಲೂ ಅನ್ನುವುದಿಲ್ಲ, ಹೊತ್ತು ಹೋಯಿತು ಅನ್ನುತ್ತೇವೆ. ಮಳಖೇಡದ ಕೆಳಗೆ ಕಾಗಿಣಾ ಹೊಳೆಯಲ್ಲಿ ನಮ್ಮಪ್ಪ, ಅವನಪ್ಪ, ಎಲ್ಲ ಹರಗೋಲು ಹಾಕಿದವರು. ತಳ ಅಗಲವಿದ್ದರೆ ತೇಲುತ್ತದೆ, ತೇಲಿದರೆ ದಾಟುತ್ತದೆ. ಇದನ್ನು ಬಿಟ್ಟು ಬೇರೆ ವಿದ್ಯೆ ನನಗೆ ಯಾರೂ ಕಲಿಸಿಲ್ಲ.

ಅಕ್ಕ ಶಿವಕಾಂತಮ್ಮನಿಗೆ ಎಂಟು ತಿಂಗಳು. ಹಿಂದಿನ ಎರಡು ಕೂಸುಗಳೂ ಮಳೆಗಾಲಕ್ಕೇ ಬಂದವು. ಎರಡೂ ಸೇಡಂ ದವಾಖಾನೆ ಮುಟ್ಟಲಿಲ್ಲ, ಕೆಸರಲ್ಲಿ ಹೂತು ನಿಂತ ಬಂಡಿಯಲ್ಲೇ ಹೋದವು. ಈ ಸಲ ಬೇಸಿಗೆಯಲ್ಲೇ ತವರಿಗೆ ಕರೆತರುತ್ತೇನೆ ಅಂದರೆ ಅವಳ ಅತ್ತೆ ರತ್ನಾಬಾಯಿ, "ಮಿರಗದ ಮಳಿಗಿ ಬಿತ್ತಿಗಿ ಆಗ್ಲಿ, ಕಳಿಸ್ತೀನಿ" ಅಂದಳು. ಬಿತ್ತಿಗೆ ಮುಗಿಯಿತೆಂದರೆ ಅಲ್ಲಿ ದಾರಿಯೂ ಮುಗಿಯಿತು. ರಾಜ್ಯಕ್ಕೆ ಮೈಸೂರು ಅನ್ನುವುದು ಹೋಗಿ ಕರ್ನಾಟಕ ಅಂತ ಹೆಸರು ಬಂತು. ಆ ಊರಿನ ಮೂರು ಮೈಲಿ ದಾರಿಗೆ ಒಂದು ಬುಟ್ಟಿ ಕಲ್ಲು ಬರಲಿಲ್ಲ. ದಿನಾ ನನ್ನ ಪಿಕಪ್ ಜೀಪಿನಲ್ಲಿ ಶಹಾಬಾದಿನ ಪರಸಿ ಕಲ್ಲು ಹೇರಿ ವಾಡಿಯ ಗೂಡ್ಸ್ ಗಾಡಿಗೆ ಹಾಕುತ್ತೇನೆ, ಎಲ್ಲಿಯದೋ ಊರಿನ ಯಾರದೋ ಪಡಸಾಲೆಗೆ ಹಾಸಲು. ಸಿಟ್ಟು ಬರದೆ ಏನು ಬರಬೇಕು?

"ಅಗಲಂದೇ ಹಾಕ್ರಿ."

"ನಿನ್ನ ಗಾಡಿ, ನಿನ್ನ ಖುಷಿ" ಅಂದ ಚಾಚಾ. ಚಂದ್ರಂಪಳ್ಳಿ ಕೆರೆಯ ಕೆಲಸ ಮುಗಿದ ಮೇಲೆ ಯಾವನೋ ಕಂತ್ರಾಟುದಾರನ ಗಾಡಿಯಿಂದ ಇಳಿದ ಅಗಲ ಟೈರುಗಳನ್ನು ಎಳೆದು ತಂದ.

ಅವನ್ನು ತೊಡಿಸುವಷ್ಟರಲ್ಲಿ ಟೈರಿನ ಗುಡ್ಡದ ಮೇಲೇ ನನಗೆ ಕಣ್ಣು ಹತ್ತಿತು. ಹೊಲಗಳೆಲ್ಲ ಕಪ್ಪು ನೀರಾಗಿ ಮೆಲ್ಲಗೆ ತೂಗುತ್ತಿದ್ದವು. ಜೀಪು ಸಪ್ಪಳವಿಲ್ಲದೆ ಅದರ ಮೇಲೆ ಹೊರಟಿತ್ತು. ಬದುವಿನ ಜಾಲಿಗಳು ದಂಡೆಯ ಹಾಗೆ ಹಿಂದೆ ಸರಿದವು. ಅಕ್ಕ ಮಗ್ಗುಲಲ್ಲಿ ಕೂತು, ಕೈ ಹೊರಗೆ ಚಾಚಿ, ಬೆರಳನ್ನು ಆ ಕಪ್ಪಿನಲ್ಲಿ ಅದ್ದಿದ್ದಳು. ಬೆರಳಿಗೆ ಏನೂ ಅಂಟಿರಲಿಲ್ಲ. ಎಚ್ಚರಾದಾಗ ಗೂಡ್ಸ್ ಗಾಡಿ ಕೂಗುತ್ತ ಹೋಗುತ್ತಿತ್ತು. ಎದುರಿಗೆ ನನ್ನ ಜೀಪು ಕಪ್ಪೆಯ ಹಾಗೆ ಕಾಲು ಹರವಿ ಕೂತಿತ್ತು.

ಮಿರಗದ ಮಳೆ ಬಿದ್ದ ಮೂರನೇ ದಿನ ಹೊರಟೆ. ಡಾಂಬರು ಬಿಟ್ಟು ಎರಿಗೆ ಇಳಿದಾಗ ಮೊದಲ ಒಂದು ಫರ್ಲಾಂಗು ಖರೇನೇ ತೇಲಿತು. ಒಬ್ಬನೇ ಸಿಳ್ಳು ಹಾಕಿದೆ. ಆಮೇಲೆ ಮಣ್ಣು ಹತ್ತತೊಡಗಿತು. ನೀರು ಹಿಡಿದದ್ದನ್ನು ಬಿಡುತ್ತದೆ, ಎರಿ ಬಿಡುವುದಿಲ್ಲ. ಟೈರಿನ ಗೆರೆಗಳೆಲ್ಲ ತುಂಬಿ ಗಾಲಿ ಬೀಸುವ ಕಲ್ಲಿನ ಹಾಗೆ ನುಣ್ಣಗಾದವು. ಸ್ಟೇರಿಂಗ್ ಎತ್ತ ತಿರುಗಿಸಿದರೂ ಜೀಪು ತನಗೆ ಬೇಕಾದತ್ತ ಜಾರಿ, ಊರಿನ ಕಣ್ಣೆದುರೇ ಬದುವಿಗೆ ಒರಗಿ ನಿಂತಿತು.

ಅಕ್ಕನ ಗಂಡ ಬಸವಂತರಾಯ ಬಿತ್ತುವ ಎತ್ತುಗಳನ್ನು ಬಿಚ್ಚಿಕೊಂಡು ಬಂದ. ರತ್ನಾಬಾಯಿ ಬದುವಿನ ಮೇಲೆ ನಿಂತು ಸೆರಗು ಸಿಕ್ಕಿಸಿದಳು.

"ಏನಪಾ ಚಂದ್ರಾಮ, ಮೋಟಾರ ತಂದಾನ ಅಂದ್ರು, ನಮ್ಮ ಎತ್ತಿಗಿ ಕೆಲಸ ತಂದಿಯಲ್ಲೋ!"

ಅಕ್ಕ ನಗಲಿಲ್ಲ. ಕಾಲಿಗೆ ಸೇರು ಸೇರು ಮಣ್ಣು ಕಟ್ಟಿಕೊಂಡು ನಡೆದು ಬಂದು, ಜೀಪಿನ ಬಾಗಿಲು ಹಿಡಿದು ನಿಂತಳು.

"ತಮ್ಮಾ, ಈ ಸಲಾನೂ ಬಂಡ್ಯಾಗೇ ಏನು?"

"ಇಲ್ಲಕ್ಕಾ. ಎರಡ ದಿನ ತಡಿ."

ಮಾತು ಕೊಟ್ಟೆ. ಹೇಗೆ ನಡೆಸುವುದು ಗೊತ್ತಿರಲಿಲ್ಲ. ಎತ್ತುಗಳು ನನ್ನನ್ನು ಡಾಂಬರಿನ ತನಕ ಎಳೆದು ಬಿಟ್ಟವು.

ವಾಡಿಗೆ ಮರಳಿ ಬಂದಾಗ ಚಾಚಾ ಹಂಗಿಸಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಗಾಲಿಗೆ ಅಂಟಿದ ಮಣ್ಣನ್ನು ಒಂದು ಹಿಡಿ ಕಿತ್ತು ನನ್ನ ಅಂಗೈಗೆ ಹಾಕಿದ.

"ಇದರ ಕೆಳಗ ಏನದ?"

"ಏನಿರ್ತದ? ಮಣ್ಣು."

"ಹುಚ್ಚ. ಮಳಖೇಡದಿಂದ ಶಹಾಬಾದ ತನಾ ಎಲ್ಲಿ ಅಗದ್ರೂ ಎರಿ ಕೆಳಗ ಪರಸಿ ಹಾಸಿದಂಗ ಅದ. ದಿನಾ ಹೊರ್ತಿ, ಗೊತ್ತಿಲ್ಲೇನು? ಅಲ್ಲಾ ಮೊದಲ ಪರಸಿ ಹಾಸಿ, ಮ್ಯಾಲ ಕಂಬಳಿ ಹೊಚ್ಚ್ಯಾನ. ನೀ ಕಂಬಳಿ ಮ್ಯಾಲ ಓಡಾಕ ಹೋದಿ. ಹರಕೊಂಡು ಕೆಳಗ ಇಳಿ."

"ಎಷ್ಟ ಕೆಳಗ?"

"ಆ ದಾರ್ಯಾಗ ಒಂದ ಗೇಣು, ಮ್ಯಾಲ ಎರಡ ಬೆರಳು. ಗಾಡಿ ಹೊಟ್ಟಿ ಮಣ್ಣಿಗಿ ಹತ್ತಬಾರದು, ಅದಕ್ಕೇ ಎತ್ತರಂದು. ಒಂದ ಮಾತು. ಇಳಿವಾಗ ಅಂಜಿ ರೇಸಿನ ಮ್ಯಾಲಿಂದ ಕಾಲ ತಗದಿ ಅಂದ್ರ ಅಲ್ಲೇ ಉಳದಿ."

ಅಗಲದವನ್ನು ಬಿಚ್ಚಿ ಮಿಲಿಟರಿ ಟೈರು ತೊಡಿಸಿದೆವು. ಎತ್ತರದ ಗಾಲಿಗೆ ತಾಗುತ್ತದೆಂದು ಮಡಗಾರ್ಡಿನ ಅಂಚನ್ನು ಉಳಿಯಿಂದ ಕತ್ತರಿಸಿದೆವು. ಜೀಪು ಕೊಕ್ಕರೆಯ ಹಾಗೆ ನಿಂತಿತು. ಟೈರಿನ ಹಲ್ಲುಗಳ ನಡುವೆ ನನ್ನ ಮೂರು ಬೆರಳು ಹೋಗುತ್ತಿದ್ದವು.

ಎರಡನೇ ಸಲ ಹೋಗುವಾಗ ಬಿಸಿಲು ಬಿದ್ದು ದಾರಿಗೆ ಕೆನೆ ಕಟ್ಟಿತ್ತು, ಹೇಗೋ ಊರು ಮುಟ್ಟಿದೆ. ರತ್ನಾಬಾಯಿ ತನ್ನ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಸಿದಳು. "ಕುಲುಕಿಸಬ್ಯಾಡ" ಅಂದಳು. ಅಷ್ಟೇ. ಅಕ್ಕ ಹತ್ತಿ ಕೂತಳು. ಊರು ಬಿಟ್ಟು ಅರ್ಧ ಮೈಲಿ ಬರುವಷ್ಟರಲ್ಲಿ ಮಳೆ ಸುರಿಯಿತು.

ತಗ್ಗಿನಲ್ಲಿ ಮುಂದಿನ ಗಾಲಿ ಇಳಿಯಿತು. ಇಳಿಯುತ್ತಲೇ ಹೋಯಿತು. ಕಾಲು ತಗಿ, ಕಾಲು ತಗಿ ಅಂತ ನನ್ನ ಮೈಯೊಳಗೆ ಅಪ್ಪ, ಅಜ್ಜ ಎಲ್ಲ ಎದ್ದು ನಿಂತು ಒದರಿದರು. ಅಕ್ಕ ನನ್ನ ತೋಳು ಬಿಗಿಹಿಡಿದಳು.

"ಮುಳುಗಾಕತ್ತದೋ ತಮ್ಮಾ!"

"ಮುಳುಗ್ಲಿ ಬಿಡು!"

ಕಾಲು ತೆಗೆಯಲಿಲ್ಲ. ಇಂಜಿನ್ನು ನರಳಿತು. ಆಮೇಲೆ ಕೆಳಗಿನಿಂದ ಗಟ್ಟಿಯಾದದ್ದೇನೋ ಗಾಲಿಗೆ ತಾಗಿ ನನ್ನ ಅಂಗಾಲಿನ ತನಕ ಬಂತು. ಕಲ್ಲು. ಹಲ್ಲುಗಳು ಅದನ್ನು ಕಚ್ಚಿದವು, ಕಪ್ಪು ಹೆಂಟೆಗಳು ಮೇಲಕ್ಕೆ ಹಾರಿ ಹಾರಿ ಬಿದ್ದವು. ಜೀಪು ನಡೆಯಿತು. ಅರ್ಧ ಮಣ್ಣಿನೊಳಗೆ, ಅರ್ಧ ಮಳೆಯೊಳಗೆ. ಇಡೀ ಸೀಮೆಯ ಕೆಳಗೆ ಒಂದೇ ನೆಲಹಾಸು, ಯಾರೂ ಇನ್ನೂ ಗೋಡೆ ಎಬ್ಬಿಸದ ಒಂದು ದೊಡ್ಡ ಮನೆ. ಅದರ ಪಡಸಾಲೆಯಲ್ಲಿ ನಾವಿಬ್ಬರೇ ನಿಧಾನ ಹೋಗುತ್ತಿದ್ದೆವು.

ಡಾಂಬರು ಮುಟ್ಟಿದಾಗ ಅಕ್ಕನಿಗೆ ನಿದ್ದೆ ಬಂದಿತ್ತು. ತಲೆ ನನ್ನ ಹೆಗಲಿಗೆ, ಎರಡೂ ಕೈ ಹೊಟ್ಟೆಯ ಮೇಲೆ. ಸೇಡಂ ಇನ್ನೂ ನಾಲ್ಕು ಮೈಲಿ. ಎತ್ತಿನ ನಡಿಗೆಯಲ್ಲೇ ಹೊಡೆದೆ. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ಮುಖ ಹಾಕಿದ.

"ಏನಲೇ ಮಗನ, ಹೆಣಾ ಒಯ್ಯಾಕತ್ತೀಯೇನು?"

ಬೇರೆ ದಿನವಾಗಿದ್ದರೆ ಜೀಪು ಅಡ್ಡ ಹಾಕಿ ಅವನ ಕಾಲರು ಹಿಡಿದು ಇಳಿಸುತ್ತಿದ್ದೆ. ಅಕ್ಕ ಎದ್ದಾಳೆಂದು ಸುಮ್ಮನೆ ಕೈ ಬೀಸಿದೆ, ಹೋಗಪ್ಪಾ ನೀ ಮುಂದೆ ಹೋಗು ಅಂತ.