ಒಂದು ಹೆಚ್ಚಿನ ನ್ಯೂಟ್ರಾನ್

ಚಪ್ಪಲಿ ಬಿಡುತ್ತಿದ್ದ ಜಯಶೀಲ ಬೆಚ್ಚಿ ಬಾಗಿಲು ಹಿಡಿದುಕೊಂಡ. ತೀರಿಹೋದನೆಂದು ಬೆಳಿಗ್ಗೆ ಫೋನ್ ಬಂದಿತ್ತು. ನೋಡಿದರೆ ಅಮೃತಪ್ಪ ನಡುಮನೆಯ ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದ! ಹಣೆತುಂಬ ವಿಭೂತಿ, ಕೊರಳತುಂಬ ಚೆಂಡುಹೂವು.

"ನಮ್ಮಲ್ಲಿ ಕೂಡಿಸೇ ಮಣ್ಣು ಮಾಡೂದ್ರೀ," ಎಂದಳು ಅಮೃತಪ್ಪನ ಹೆಂಡತಿ ಕಾಳವ್ವ. "ನಿಮ್ಮ ಉಡುಪಿ ಕಡೆ ಮಲಗಿಸ್ತಾರಲ್ಲ?"

ಮಲಗಿದ್ದರೆ ಸುಲಭವಿತ್ತು. ಕೂತು ಕೇಳುವವನ ಮುಂದೆ ಸುಳ್ಳು ಹೇಳುವುದು ಕಷ್ಟ. ಹನ್ನೆರಡು ವರ್ಷದಿಂದ ನುಂಗಿಕೊಂಡ ಮಾತೊಂದನ್ನು ಇವತ್ತಾದರೂ ಹೇಳಿಬಿಡಬೇಕೆಂದೇ ಜಯಶೀಲ ಠಾಣೆ ಊರಿನಿಂದ ಕಲ್ಯಾಣಕ್ಕೆ ರೈಲು ಹಿಡಿದು ಓಡಿಬಂದದ್ದು.

ಟಿವಿ ಪೆಟ್ಟಿಗೆಯ ಮೇಲೆ ಮಣಿ-ತಂತಿಯ ಆ ಪರಮಾಣು ಇನ್ನೂ ನಿಂತಿತ್ತು.

*

ಹನ್ನೆರಡು ವರ್ಷದ ಹಿಂದೆ, ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಅವರಿಬ್ಬರೂ ಶಾಲೆಗಳಿಗೆ ಪರಮಾಣುವಿನ ಮಾದರಿ ಮಾಡುತ್ತಿದ್ದರು. ಕಾರ್ಬನ್ ಅಮೃತಪ್ಪನ ಪಾಲು: ನಡುವೆ ಆರು ಕೆಂಪು ಮಣಿ ಪ್ರೋಟಾನು, ಆರು ಕಪ್ಪು ಮಣಿ ನ್ಯೂಟ್ರಾನು, ಸುತ್ತ ತಂತಿಯ ಬಳೆಗಳಲ್ಲಿ ಆರು ಹಳದಿ ಎಲೆಕ್ಟ್ರಾನು. ಅವನು ಚಹಾಕ್ಕೆ ಹೋದಾಗ ಜಯಶೀಲ ಏಳನೆಯ ಕಪ್ಪು ಮಣಿ ಅಂಟಿಸಿದ. ಅಮೃತಪ್ಪ ಬರುತ್ತಲೇ ಮಾಲೀಕ ಸೇಠನ ದನಿಯಲ್ಲಿ ಗುಡುಗಿ ಹೆದರಿಸಬೇಕೆಂಬ ತಮಾಷೆ.

"ಅರೇ ಅಮೃತಪ್ಪಾ, ಯೇ ಕ್ಯಾ ಬನಾಯಾ?"

ಇದೇನು ಮಾಡಿಟ್ಟೆ ಎಂದು ಗುಡುಗಿದ್ದು ಜಯಶೀಲನಲ್ಲ; ಅವನು ಬಾಯಿ ತೆರೆಯುವ ಮೊದಲೇ ಒಳಬಂದ ಸೇಠ್. ಆಗಷ್ಟೇ ಚಹಾ ಮುಗಿಸಿ ಬಂದ ಅಮೃತಪ್ಪ ತುಟಿ ಬಿಚ್ಚಲಿಲ್ಲ. ಅವನಿಗೆ ಬರಬೇಕಿದ್ದ ಸೂಪರ್‌ವೈಸರ್ ಕುರ್ಚಿ ಆ ತಿಂಗಳು ಜಯಶೀಲನಿಗೆ ಬಂತು. ಕೆಟ್ಟ ಮಾದರಿ ಅಮೃತಪ್ಪನ ಚೀಲ ಸೇರಿ ಲೋಕಲ್ ರೈಲು ಹತ್ತಿತು.

*

"ಅಕ್ಕ, ಆ ಏಳನೇ ಮಣಿ ಅಂಟಿಸಿದ್ದು ನಾನು ಮಾರಾಯ್ರೆ."

ಕಾಳವ್ವ ಅಳುವಿನ ನಡುವೆ ನಕ್ಕಳು. "ಅವರಿಗೆ ಅವತ್ತೇ ಗೊತ್ತಾಗಿತ್ತರೀ. ಇಷ್ಟು ಗೋಂದ ಬಳಿಯಾಂವ ಜಯಶೀಲ ಒಬ್ಬನ ಅಂದಿದ್ರು. ಹೇಳಿದ್ರ ಅವನ ನೌಕರೀನ ಹೋಗ್ತದ, ಮನ್ಯಾಗ ಎಳೆಗೂಸು ಅದ ಅಂತ ಸುಮ್ಮನಾದ್ರು."

"ಅವನ ಕುರ್ಚಿ ಹೋಯ್ತಲ್ಲ ಅಕ್ಕ?"

"ಹೋದ್ರ ಹೋಗ್ಲಿ, ಸಂಜಿಕ ಲಗೂನ ಆರೂ ಹತ್ತರ ಲೋಕಲ್ ಸಿಗ್ತದ ಅಂತಿದ್ರು. ದಿನಾ ಈಕಿ ಜೋಡಿ ಅಭ್ಯಾಸಕ್ಕ ಕೂಡತಿದ್ರು."

ಈಕೆ ಎಂದರೆ ಮಗಳು ಪ್ರಾಜಕ್ತಾ. ಈಗ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮೂಗೊರೆಸಿಕೊಂಡು ಹೇಳಿದಳು: "ಕಾಕಾ, ಅದು ಚೂಕ್ ಅಲ್ಲ, ತಪ್ಪೇ ಅಲ್ಲ. ಏಳು ನ್ಯೂಟ್ರಾನಿನ ಕಾರ್ಬನ್ ಖರೇನ ಅದ, ನೂರರಾಗ ಒಂದು. ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ವಜನ ಸ್ವಲ್ಪ ಜಾಸ್ತಿ, ಬಸ್. ಪಪ್ಪಾಗ ಹೇಳಿದಾಗ, 'ಜಯಶೀಲ ಮಗಾ ಗೊತ್ತಿಲ್ಲದನ ಸೈನ್ಸ್ ಮಾಡ್ಯಾನ' ಅಂತ ಊಟ ಬಿಟ್ಟು ನಕ್ಕಿದ್ರು."

ಹೂವಿನ ಪಲ್ಲಕ್ಕಿ ಕೆಳಗೆ ಕಾದಿತ್ತು. ಮೂರನೆಯ ಮಾಳಿಗೆ, ಇಕ್ಕಟ್ಟಿನ ಮೆಟ್ಟಿಲು. ಯಾರೋ ಪಕ್ಕದ ಮನೆಯಿಂದ ಕೈಗಳಿರುವ ಕುರ್ಚಿ ತಂದರು. ಅಮೃತಪ್ಪನನ್ನು ಅದರಲ್ಲಿ ಕೂರಿಸಿ ಎತ್ತಿದರು. ಕುರ್ಚಿಯ ಮುಂದಿನ ಕಾಲನ್ನು ಜಯಶೀಲ ಯಾರಿಗೂ ಬಿಡಲಿಲ್ಲ. ಹಿಮ್ಮುಖವಾಗಿ ಇಳಿಯುತ್ತ, ತನಗೇ ತಿಳಿಯದೆ ಸೇಠನ ದನಿಯಲ್ಲಿ ದಾರಿ ಬಿಡಿಸುತ್ತ ಕೂಗಿದ:

"ಬಾಜೂ ಹಟೋ! ಸಾಹೇಬ್ ಉತರ್ ರಹೇ ಹೈ!"

ಮೇಲೆ ಕಾಳವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದೊಂದು ಮೆಟ್ಟಿಲಿಗೂ ಅಮೃತಪ್ಪನ ತಲೆ ಹೌದು, ಹೌದು ಎಂಬಂತೆ ತೂಗುತ್ತಿತ್ತು.